ಕಪ್ಪಾದ ಬಾಳೆಹಣ್ಣಿನ ಸಿಸ್ಟರ್

ಫಳ್ನೀರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಕನ್ಯಾಸ್ತ್ರೀಯಲ್ಲ, ನರ್ಸ್ ಆಗಿದ್ದವರು. ಕುವೈತಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದು, ನಿವೃತ್ತರಾಗಿ ಊರಿಗೆ ಬಂದು, ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ ಕೊಂಡು ಒಬ್ಬರೇ ಇದ್ದರು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ "ಪುರ್ಸೊತ್ತು ಆಗ್ಲಿಲ್ಲ" ಎಂದು ಹೇಳಿ ಮುಂದಿನ ಮಾತಿಗೆ ಹೋಗುತ್ತಿದ್ದರು. ಅವರು ತೀರಿಕೊಂಡು ಆರು ತಿಂಗಳಾಯಿತು. ಈ ಆರು ತಿಂಗಳಲ್ಲಿ ನಾನು ಅವರ ಬಗ್ಗೆ ಎಷ್ಟೋ ಮಂದಿಗೆ ಹೇಳಿದ್ದೇನೆ, ಪ್ರತಿ ಸಲವೂ ಏನೋ ಬಿಟ್ಟುಹೋಗುತ್ತದೆ. ಅದಕ್ಕೇ ಬರೆಯಲು ಕುಳಿತೆ.

ನಾನು ಅವರನ್ನು ಮೊದಲು ನೋಡಿದ್ದು ಲಿಫ್ಟಿನಲ್ಲಿ. ಆಗ ನಾವು ಆ ಕಟ್ಟಡಕ್ಕೆ ಬಂದು ಒಂದು ವಾರವಾಗಿತ್ತು. ಗಂಡ ದುಬೈಗೆ ವಾಪಸು ಹೋಗಿದ್ದರು, ಮಗಳು ಹಾಸ್ಟೆಲಿನಲ್ಲಿದ್ದಳು, ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮುಗಿಸಿ ಮನೆಗೆ ಬರುತ್ತಿದ್ದೆ. ಬಾಗಿಲು ಮುಚ್ಚುವಷ್ಟರಲ್ಲಿ ಬಿಳಿ ಕ್ಯಾನ್ವಾಸ್ ಶೂ ಹಾಕಿದ, ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸೊಬ್ಬರು ಎರಡೂ ಕೈಯಲ್ಲಿ ಬಟ್ಟೆಚೀಲ ಹಿಡಿದು ಒಳಗೆ ಬಂದರು. ಲಿಫ್ಟಿನ ತುಂಬ ಕಳಿತ ಬಾಳೆಹಣ್ಣಿನ ವಾಸನೆ. ಬಗ್ಗಿ ನೋಡಿದರೆ ಚೀಲದೊಳಗೆ ಸಿಪ್ಪೆ ಕಪ್ಪಾದ ಹಣ್ಣುಗಳು.

"ಇದು ಹಾಳಾಗಿದೆಯಲ್ಲ, ಅಂಗಡಿಯವರು ಮೋಸ ಮಾಡಿದರಾ?" ಎಂದು ಕೇಳಿಬಿಟ್ಟೆ.

ಅವರು ಒಂದು ಹಣ್ಣು ತೆಗೆದು ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೂಗಿನ ಹತ್ತಿರ ಹಿಡಿದು, ನನ್ನ ಮೂಗಿಗೂ ಹಿಡಿದರು.

"ಹುಳಿ ವಾಸನೆ ಉಂಟಾ? ಇಲ್ಲ. ನೀರು ಬಿಟ್ಟಿದೆಯಾ? ಇಲ್ಲ. ಮತ್ತೆ ಎಂತ ಹಾಳು? ಇದು ಈಗ ಹಣ್ಣಾದದ್ದು. ನೀವು ಹಳದಿ ಇರುವಾಗ ತಿನ್ನುತ್ತೀರಲ್ಲ, ಅದು ನನ್ನ ಲೆಕ್ಕದಲ್ಲಿ ಕಾಯಿ."

ಮೂರನೇ ಮಹಡಿ ಬಂತು. ಅವರು ಇಳಿದುಹೋದರು. ವಿಚಿತ್ರ ಹೆಂಗಸು, ಸ್ವಲ್ಪ ಜಿಪುಣೆಯೂ ಇರಬೇಕು ಎಂದು ನಾನು ಅಂದುಕೊಂಡೆ.

ಆ ಅಭಿಪ್ರಾಯ ನನ್ನದೊಬ್ಬಳದ್ದೇ ಆಗಿರಲಿಲ್ಲ. ಒಂದೆರಡು ತಿಂಗಳಲ್ಲಿ ಅಪಾರ್ಟ್‌ಮೆಂಟಿನ ಮೀಟಿಂಗ್ ನಡೆಯಿತು. ನಮ್ಮ ಸಂಘದ ಕಾರ್ಯದರ್ಶಿಯವರು ಒಂದನೇ ಮಹಡಿಯವರು, ಸಾಧು ಮನುಷ್ಯ, ಆದರೆ ಅವರಿಗೆ ದೂರುಗಳೆಂದರೆ ಬಹಳ ಇಷ್ಟ. ಮೂರನೇ ಮಹಡಿಗೆ ಮೂಟೆಗಟ್ಟಲೆ ಕೊಳೆತ ಹಣ್ಣು ಬರುತ್ತಿದೆ, ಅದರಿಂದ ಕಟ್ಟಡದಲ್ಲಿ ಸಣ್ಣ ನೊಣ ಹೆಚ್ಚಾಗಿದೆ ಎಂದು ಅವರು ಹೆಸರು ಹೇಳದೆ ಓದಿದರು. ಎಲ್ಲರೂ ಸಿಸ್ಟರ್ ಕಡೆ ನೋಡಿದರು. ಅವರು ಮಡಿಲಲ್ಲಿದ್ದ ಕೈಚೀಲ ಹಿಡಿದುಕೊಂಡು ಎದ್ದು ನಿಂತರು.

"ನೊಣ ಬರುವುದು ಹಣ್ಣು ಹೊರಗೆ ಇಟ್ಟರೆ. ನಾನು ತಂದು ಒಂದು ಗಂಟೆಯೊಳಗೆ ಫ್ರೀಜರಿನಲ್ಲಿ ಇಡ್ತೇನೆ. ಸಿಪ್ಪೆ ಅದೇ ದಿನ ಗಿಡದ ಬುಡಕ್ಕೆ ಹೋಗ್ತದೆ. ಬೇಕಾದರೆ ಈಗಲೇ ಬನ್ನಿ, ನೋಡಿ. ಆಮೇಲೆ ಎಲ್ಲರ ಮನೆಯ ಡಸ್ಟ್‌ಬಿನ್ನೂ ನೋಡುವ."

ಯಾರೂ ಮೇಲೆ ಹೋಗಲಿಲ್ಲ. ನಾನು ಮಾತ್ರ ಹೋದೆ. ಕುತೂಹಲ ಅಷ್ಟೆ.

ಅವರ ಅಡುಗೆಮನೆಯ ಅರ್ಧ ಜಾಗವನ್ನು ಐಸ್‌ಕ್ರೀಮ್ ಅಂಗಡಿಯಲ್ಲಿರುವಂಥ, ಮೇಲಿನಿಂದ ಮುಚ್ಚಳ ತೆಗೆಯುವ ದೊಡ್ಡ ಫ್ರೀಜರ್ ಆಕ್ರಮಿಸಿಕೊಂಡಿತ್ತು. ಹಣ್ಣು ಎಲ್ಲಿಂದ ಎಂದು ಕೇಳಿದೆ. ಕೆಳಗಿನ ರಸ್ತೆಯ ಹಣ್ಣಿನಂಗಡಿಯ ಬ್ಯಾರಿ ಕಾಕ ಯಾರೂ ಕೊಳ್ಳದ ಕಪ್ಪು ಹಣ್ಣನ್ನು ಅವರಿಗಾಗಿ ತೆಗೆದಿಡುತ್ತಿದ್ದರು. ಆದರೂ ಅವರು ಒಂದೊಂದನ್ನೂ ಒತ್ತಿ ನೋಡಿ, ಒಡೆದದ್ದನ್ನೂ ಬೂಸ್ಟು ಹಿಡಿದದ್ದನ್ನೂ ಅಲ್ಲಿಯೇ ಬಿಟ್ಟು ಬರುತ್ತಿದ್ದರು.

ಅವರ ಕ್ರಮ ನೋಡುವಂತಿತ್ತು. ಮೊದಲು ಸಿಪ್ಪೆ ಸುಲಿಯಬೇಕು. ಸಿಪ್ಪೆ ಸಮೇತ ಗಟ್ಟಿಮಾಡಿದರೆ ಆಮೇಲೆ ಚೂರಿಯಿಂದ ಕೆರೆಯಬೇಕಾಗುತ್ತದೆ, ಹಣ್ಣಿನ ಜೊತೆ ಕೈಯೂ ಹೋಗುತ್ತದೆ ಎನ್ನುತ್ತಿದ್ದರು. ಏಲಕ್ಕಿ ಬಾಳೆ, ಕದಳಿ ಮುಂತಾದ ಸಣ್ಣ ಜಾತಿಯದನ್ನು ಬೆರಳ ದಪ್ಪಕ್ಕೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ, ಬಟರ್ ಪೇಪರ್ ಹಾಸಿದ ತಟ್ಟೆಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಜೋಡಿಸುತ್ತಿದ್ದರು. ಎರಡು ಮೂರು ಗಂಟೆಯಲ್ಲಿ ಅವು ಕಲ್ಲಿನ ಹಾಗೆ ಆದ ಮೇಲೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಅಂಗೈಯಿಂದ ಒತ್ತಿ ಗಾಳಿ ತೆಗೆದು ಮುಚ್ಚುವುದು. ಹಾಗೆ ಮಾಡಿದರೆ ಬಿಲ್ಲೆಗಳು ಅಂಟಿಕೊಳ್ಳುವುದಿಲ್ಲ, ಬೇಕಾದಷ್ಟೇ ತೆಗೆಯಬಹುದು. ಇದು ಮಿಕ್ಸಿಗೆ ಹಾಕಿ ಸ್ಮೂದಿ ಮಾಡಲಿಕ್ಕೆ. ಮೈಸೂರು ಬಾಳೆ, ಪಚ್ಚಬಾಳೆಯನ್ನು ಮುಳ್ಳುಚಮಚದಿಂದ ಹಿಸುಕಿ, ಒಂದು ಕೇಕಿಗೆ ಬೇಕಾಗುವಷ್ಟನ್ನು ಒಂದೊಂದು ಚೀಲಕ್ಕೆ ಹಾಕಿ, ಪುಸ್ತಕದ ಹಾಗೆ ಚಪ್ಪಟೆ ಮಾಡಿ ಇಡುವುದು. ಇದು ಕೇಕಿಗೆ, ಎಣ್ಣೆಯಲ್ಲಿ ಕರಿಯುವ ಬನ್ಸಿಗೆ.

"ಇಷ್ಟೆಲ್ಲ ನೀವೊಬ್ಬರೇ ತಿನ್ನುತ್ತೀರಾ?" ಎಂದೆ.

"ನನಗೆ ಬಾಳೆಹಣ್ಣು ಅಷ್ಟು ಸೇರುವುದಿಲ್ಲ" ಎಂದರು.

ಕುವೈತಿನಲ್ಲಿ ನಾಲ್ಕು ಮಂದಿ ನರ್ಸುಗಳು ಒಂದು ಕೋಣೆಯಲ್ಲಿದ್ದಾಗ ಕಲಿತದ್ದಂತೆ ಇದು. ರೋಗಿಗಳ ಊಟದ ತಟ್ಟೆಯಲ್ಲಿ ಮುಟ್ಟದೆ ವಾಪಸು ಬರುತ್ತಿದ್ದ ಬಾಳೆಹಣ್ಣು ಅಡುಗೆಮನೆಯಲ್ಲಿ ರಾಶಿ ಬೀಳುತ್ತಿತ್ತು. ಅಲ್ಲಿನ ಸೆಕೆಗೆ ಒಂದೇ ದಿನದಲ್ಲಿ ಕಪ್ಪಾಗುತ್ತಿತ್ತು. ಇವರು ಅಡುಗೆಮನೆಯ ಮೇಲ್ವಿಚಾರಕನ ಬೆನ್ನು ಬಿದ್ದು, ಒಪ್ಪಿಗೆ ಪಡೆದು, ಕೋಣೆಗೆ ತಂದು ಫ್ರೀಜರಿನಲ್ಲಿಟ್ಟರು. ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದವರಿಗೆ ಅಡುಗೆ ಮಾಡುವ ತ್ರಾಣ ಇರುತ್ತಿರಲಿಲ್ಲ. ಎರಡು ಹಿಡಿ ಬಿಲ್ಲೆ, ಒಂದು ಲೋಟ ಹಾಲು, ಮಿಕ್ಸಿ ತಿರುಗಿಸಿದರೆ ನಾಷ್ಟಾ ಆಯಿತು. "ಎಷ್ಟೋ ವರ್ಷ ನಾವು ನಿಂತದ್ದೇ ಅದರ ಮೇಲೆ" ಎನ್ನುತ್ತಿದ್ದರು.

ಈಗ ಅವರು ಯಾರಿಗಾಗಿ ಮಾಡುತ್ತಿದ್ದಾರೆ ಎನ್ನುವುದು ನಿಧಾನವಾಗಿ ತಿಳಿಯಿತು. ನಮ್ಮ ಸುತ್ತಮುತ್ತ ಆಸ್ಪತ್ರೆಗಳು. ದೂರದ ಊರುಗಳಿಂದ ಬಂದು, ಕೋಣೆ ಬಾಡಿಗೆಗೆ ಹಿಡಿದು ಚಿಕಿತ್ಸೆ ಪಡೆಯುವವರು ತುಂಬ. ಅವರಲ್ಲಿ ಬಾಯಿ ಹುಣ್ಣಾಗಿ ನುಂಗಲಾಗದವರು, ಊಟ ಸೇರದವರು ಇದ್ದರೆ, ಸುದ್ದಿ ಹೇಗೋ ಇವರಿಗೆ ಬರುತ್ತಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎರಡು ಫ್ಲಾಸ್ಕು ಚೀಲಕ್ಕೆ ಹಾಕಿಕೊಂಡು, ಕ್ಯಾನ್ವಾಸ್ ಶೂ ಕಟ್ಟಿಕೊಂಡು ಹೊರಡುತ್ತಿದ್ದರು. ರೋಗಿಗಳ ಜೊತೆಗಿರುವವರಿಗೆ ಕೇಕಿನ ತುಂಡು. ನಾನು ಒಮ್ಮೆ ಯಾರದೋ ವಿಷಯಕ್ಕೆ "ಪಾಪ" ಎಂದೆ. ಅವರು ತಿರುಗಿ ನಿಂತರು.

"ಪಾಪ ಅಂತ ಹೇಳಿದರೆ ಅವರ ಹೊಟ್ಟೆಗೆ ಎಂತ ಹೋಗ್ತದೆ ಟೀಚರ್?"

ಒರಟು ಮಾತು. ನನಗೆ ಎರಡು ದಿನ ಸಿಟ್ಟಿತ್ತು. ಸಿಟ್ಟು ಬಂದದ್ದು ಅವರಿಗೆ ಗೊತ್ತಾಗಲೂ ಇಲ್ಲ.

ಮರುವರ್ಷ ಬೇಸಿಗೆಯಲ್ಲಿ ನನ್ನ ಅಪ್ಪನ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಅಪ್ಪ ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವರು, ಕೂಳೂರಿನವರು. ಸ್ಟೇರಿಂಗ್ ಹಿಡಿದಷ್ಟು ಕಾಲ ಬಾಯಿಯಲ್ಲಿ ಎಲೆಯಡಿಕೆ, ಹೊಗೆಸೊಪ್ಪು ಇತ್ತು. ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಆಸ್ಪತ್ರೆ ಹತ್ತಿರವೆಂದು ನನ್ನ ಮನೆಗೆ ಕರೆತಂದೆ. ಮೂವತ್ತಮೂರು ಸಲ ರೇಡಿಯೇಶನ್, ವಾರಕ್ಕೆ ಐದು ದಿನ.

ಮೊದಲ ಎರಡು ವಾರ ಅಪ್ಪ ನಗುನಗುತ್ತಲೇ ಹೋಗಿಬಂದರು. ಮೂರನೆಯ ವಾರ ಬಾಯಿಯೊಳಗೆಲ್ಲ ಹುಣ್ಣು. ನಾಲ್ಕನೆಯ ವಾರ ಗಂಜಿಯ ತಿಳಿಯೂ ಇಳಿಯದಾಯಿತು. ಮೇಜಿನ ಮೇಲೆ ಲೋಟ ಇಟ್ಟರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರು. ಡಾಕ್ಟರು ತೂಕ ನೋಡಿ ಹೇಳಿದರು, "ಇನ್ನು ಎರಡು ಕಿಲೋ ಇಳಿದರೆ ಮೂಗಿನಿಂದ ಪೈಪ್ ಹಾಕಲೇಬೇಕು. ಇಲ್ಲದಿದ್ದರೆ ಟ್ರೀಟ್‌ಮೆಂಟ್ ನಡುವೆ ನಿಲ್ಲಿಸಬೇಕಾಗ್ತದೆ. ನಿಲ್ಲಿಸುವುದು ಒಳ್ಳೆಯದಲ್ಲ."

ಅಪ್ಪ ಆಸ್ಪತ್ರೆಯಿಂದ ಹೊರಗೆ ಬಂದವರೇ ತೊದಲುತ್ತ ಹೇಳಿದರು, "ಪೈಪ್ ಹಾಕುವುದಾದರೆ ನಾನು ಕೂಳೂರಿಗೆ ಹೋಗ್ತೇನೆ. ಮತ್ತೆ ಬರುವುದಿಲ್ಲ."

ಅದೇ ಮಾತನ್ನು ಲಿಫ್ಟಿನಲ್ಲಿ ಇನ್ನೊಮ್ಮೆ ಹೇಳಿದರು. ಲಿಫ್ಟಿನಲ್ಲಿ ಸಿಸ್ಟರ್ ಇದ್ದರು. ಅವರು ತಮ್ಮ ಮಹಡಿಯಲ್ಲಿ ಇಳಿಯಲಿಲ್ಲ. ನಮ್ಮ ಜೊತೆ ಐದನೆಯದಕ್ಕೆ ಬಂದು, ಕರೆಯದೆ ಒಳಗೆ ಬಂದು, ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕುಳಿತರು. ಅಪ್ಪನ ಜೊತೆ ಅವರು ತುಳುವಿನಲ್ಲೇ ಮಾತಾಡುತ್ತಿದ್ದರು.

"ನಿನ್ನೆಯಿಂದ ಹೊಟ್ಟೆಗೆ ಎಂತ ಹೋಗಿದೆ ಡ್ರೈವರ್ರೇ?"

ಅಪ್ಪ ಗೋಡೆಯ ಕಡೆ ತಿರುಗಿದರು. ನಾನು ಹೇಳಿದೆ, "ಅರ್ಧ ಲೋಟ ಎಳನೀರು."

"ಶುಗರ್ ಉಂಟಾ ಇವರಿಗೆ?"

"ಇಲ್ಲ."

"ಕೆಮ್ಮು ಬರ್ತದಾ ನೀರು ಕುಡಿಯುವಾಗ?"

"ಅದೂ ಇಲ್ಲ. ಉರಿ ಮಾತ್ರ."

ಸಿಸ್ಟರ್ ಅಪ್ಪನ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. "ಪೈಪ್ ಅಂದರೆ ಸೋಲು ಅಂತ ತಿಳಿಯಬೇಡಿ. ಬೇಕಾದರೆ ಹಾಕಿಸಿಕೊಳ್ಳಬೇಕು, ನಾನೇ ಹಾಕಿಸ್ತೇನೆ. ಆದರೆ ನಿಮಗೆ ಇನ್ನೂ ನುಂಗಲಿಕ್ಕೆ ಆಗ್ತದೆ. ಆಗುವಷ್ಟು ದಿನ ಅದನ್ನು ಬಿಡಬಾರದು. ಬಿಟ್ಟರೆ ಗಂಟಲು ಮರೆತುಬಿಡ್ತದೆ" ಎಂದರು.

ಆಮೇಲೆ ನನ್ನ ಕೈಯಲ್ಲಿ ಒಂದು ಕಾಗದದಲ್ಲಿ ಬರೆಸಿದರು: ಫ್ರೀಜರಿನ ಬಾಳೆಹಣ್ಣು, ಹಾಲು, ಹಾಲಿನ ಪುಡಿ, ತೆಳ್ಳಗೆ ಬೇಯಿಸಿ ಸೋಸಿದ ರಾಗಿ, ನೆನೆಸಿ ನುಣ್ಣಗೆ ರುಬ್ಬಿದ ಶೇಂಗಾ, ಸ್ವಲ್ಪ ತುಪ್ಪ. ಹುಳಿ, ಖಾರ, ಲಿಂಬೆ ಮುಟ್ಟಿಸಬಾರದು. ಅದನ್ನು ಆಸ್ಪತ್ರೆಯ ಡಯಟೀಶಿಯನ್ನಿಗೆ ತೋರಿಸಿ ಒಪ್ಪಿಗೆ ತೆಗೆದುಕೊಂಡು ಬನ್ನಿ ಎಂದು ಆ ಸಂಜೆಯೇ ಓಡಿಸಿದರು. "ಬಾಳೆಹಣ್ಣು ದಾರಿ ಮಾಡಿ ಕೊಡ್ತದೆ ಅಷ್ಟೆ. ತಣ್ಣಗೆ, ನುಣ್ಣಗೆ ಇಳೀತದೆ. ಶಕ್ತಿ ಬರುವುದು ಉಳಿದದ್ದರಿಂದ. ಎರಡೂ ಬೇಕು" ಎಂದರು.

ಮೊದಲ ದಿನ ಅದು ಕೆಟ್ಟೇ ಹೋಯಿತು. ಸಿಸ್ಟರ್ ಮಿಕ್ಸಿಯಿಂದ ತೆಗೆದದ್ದನ್ನು ಹಾಗೆಯೇ ಕೊಟ್ಟರು. ಐಸಿನ ತಂಪಿಗೆ ಅಪ್ಪನ ಹುಣ್ಣು ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂತು. ಚಮಚವನ್ನು ತಳ್ಳಿದ ರಭಸಕ್ಕೆ ಸಿಸ್ಟರ್ ಮೈಮೇಲೆಲ್ಲ ಚೆಲ್ಲಿತು. ನಾನು ನಾಚಿಕೆಯಿಂದ ಬಟ್ಟೆ ತರಲು ಓಡಿದೆ. ಬರುವಷ್ಟರಲ್ಲಿ ಅವರು ಅಪ್ಪನಿಗೆ ಹೇಳುತ್ತಿದ್ದರು, "ತಪ್ಪು ನನ್ನದು. ಹತ್ತು ನಿಮಿಷ ಇಡಬೇಕಿತ್ತು, ಅವಸರ ಮಾಡಿದೆ. ಇನ್ನೊಮ್ಮೆ ಮಾಡುವ." ಅಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರನ್ನು ಅಪ್ಪ ನೋಡಿರಲಿಲ್ಲವೇನೋ. ಎರಡನೆಯ ಸಲ ಬಾಯಿ ತೆರೆದರು.

ಆದರೂ ಮೂರು ಚಮಚದ ಮೇಲೆ ಹೋಗುತ್ತಿರಲಿಲ್ಲ. ಸಾಕು ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಒಂದು ದಿನ ಸಿಸ್ಟರ್ ಕೇಳಿದರು, "ನೀವು ಓಡಿಸಿದ್ದು ಯಾವ ರೂಟಿನಲ್ಲಿ?"

"ಕೂಳೂರಿನಿಂದ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ."

"ಹಾಗಾದರೆ ಬಸ್ಸು ಕೂಳೂರಿನಲ್ಲಿ ನಿಂತಿದೆ. ಮುಂದಿನ ಸ್ಟಾಪ್ ಹೇಳಿ."

ಅಪ್ಪ ಸಂಶಯದಿಂದ ಅವರನ್ನೇ ನೋಡಿದರು. "ಕೋಡಿಕಲ್ ಕ್ರಾಸ್."

ಸಿಸ್ಟರ್ ಚಮಚ ಬಾಯಿಗೆ ಹಿಡಿದರು. ಅಪ್ಪ ನುಂಗಿದರು. ಸಿಸ್ಟರ್ ನಮ್ಮೂರಿನ ಕಂಡಕ್ಟರುಗಳ ಹಾಗೆಯೇ ಕೂಗಿದರು, "ರೈಟ್, ಪೋಯಿ!"

ಅಪ್ಪನಿಗೆ ನಗು ಬಂತು. ನಕ್ಕರೆ ಬಾಯಿ ಉರಿಯುತ್ತದೆಂದು ನಗುವನ್ನು ಕಣ್ಣಿನಲ್ಲೇ ಹಿಡಿದರು. ಕೊಟ್ಟಾರ ಚೌಕಿ, ಉರ್ವಾಸ್ಟೋರ್, ಲೇಡಿಹಿಲ್, ಲಾಲ್‌ಬಾಗ್. ಲಾಲ್‌ಬಾಗಿನಲ್ಲಿ ಅಪ್ಪ ಕೈ ಅಡ್ಡ ತಂದರು. "ಎಂತ ಮಾರಾಯ್ರೇ, ನಡು ರಸ್ತೆಯಲ್ಲಿ ಪ್ಯಾಸೆಂಜರನ್ನು ಇಳಿಸ್ತೀರಾ? ಸ್ಟೇಟ್‌ಬ್ಯಾಂಕಿಗೆ ಟಿಕೇಟು ತೆಗೆದವರು ಇದ್ದಾರೆ" ಎಂದು ಸಿಸ್ಟರ್ ಚಮಚ ಹಿಡಿದೇ ಇದ್ದರು. ಅಪ್ಪ ಬಲ್ಲಾಳ್‌ಬಾಗಿನಲ್ಲಿ ಒಂದು, ಹಂಪನಕಟ್ಟೆಯಲ್ಲಿ ಒಂದು ನುಂಗಿ ಸ್ಟೇಟ್‌ಬ್ಯಾಂಕ್ ಮುಟ್ಟಿದರು. ಬೆವೆತುಹೋಗಿದ್ದರು. ಲೋಟದ ಕಾಲು ಭಾಗ ಖಾಲಿಯಾಗಿತ್ತು.

"ಎರಡು ಗಂಟೆ ಬಿಟ್ಟು ರಿಟರ್ನ್ ಟ್ರಿಪ್" ಎಂದು ಹೇಳಿ ಸಿಸ್ಟರ್ ಎದ್ದರು.

ದಿನಕ್ಕೆ ಐದು ಟ್ರಿಪ್. ಸಿಸ್ಟರ್ ಇಲ್ಲದಾಗ ನಾನು ಕಂಡಕ್ಟರು. ಶಾಲೆಗೆ ಬೇಸಿಗೆ ರಜೆ ಇತ್ತು. ಆ ವಾರ ಅಪ್ಪನ ತೂಕ ಇಳಿಯಿತು, ಆದರೆ ಎರಡು ಕಿಲೋ ಅಲ್ಲ, ಅರ್ಧ ಕಿಲೋ. ಡಾಕ್ಟರು ಚೀಟಿ ನೋಡಿ ತಲೆಯಾಡಿಸಿ, "ಹೀಗೇ ಹೋಗಲಿ, ನೋಡುವ" ಎಂದರು. ಸಿಸ್ಟರಿಗೆ ಬಂದು ಹೇಳಿದರೆ ಅವರು ಖುಷಿಪಡಲಿಲ್ಲ. "ಅರ್ಧ ಕಿಲೋ ಯಾಕೆ ಇಳಿಯಿತು?" ಎಂದು ತುಪ್ಪ ಇನ್ನೊಂದು ಚಮಚ ಹೆಚ್ಚಿಸಿದರು.

ಐದನೆಯ ವಾರ ಮೇ ತಿಂಗಳ ಗಾಳಿಗೆ ನಮ್ಮ ರಸ್ತೆಯ ಮರವೊಂದು ಟ್ರಾನ್ಸ್‌ಫಾರ್ಮರಿನ ಮೇಲೆ ಬಿತ್ತು. ಕರೆಂಟು ಹೋಯಿತು. ಕಟ್ಟಡದ ಜನರೇಟರ್ ಲಿಫ್ಟಿಗೂ ನೀರಿನ ಪಂಪಿಗೂ ಮಾತ್ರ. ಸಂಜೆಯೊಳಗೆ ಬರುತ್ತದೆ ಎಂದರು, ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ.

ನಾನು ಕೆಳಗೆ ಓಡಿದೆ. ಸಿಸ್ಟರ್ ಫ್ರೀಜರಿನ ಮೇಲೆ ಮನೆಯಲ್ಲಿದ್ದ ಕಂಬಳಿ, ರಗ್ಗುಗಳನ್ನೆಲ್ಲ ಹೊದಿಸಿ ಪಕ್ಕದಲ್ಲಿ ಕುಳಿತಿದ್ದರು.

"ತೆಗೆದು ನೋಡಿದಿರಾ?"

"ತೆಗೆದರೆ ತಂಪು ಹೋಗ್ತದೆ. ತುಂಬಿದ ಫ್ರೀಜರ್ ಒಂದೂವರೆ ದಿನ ತಡೀತದೆ. ಮಧ್ಯಾಹ್ನದ ತನಕ ಕಾಯುವ."

ಮಧ್ಯಾಹ್ನ ಮುಚ್ಚಳ ಎತ್ತಿದೆವು. ಮೇಲಿನ ಸಾಲು, ಬದಿಯ ಸಾಲು ಮೆತ್ತಗಾಗಿ ನೀರು ಬಿಟ್ಟಿತ್ತು. ಸಿಸ್ಟರ್ ಮೊಣಕೈವರೆಗೆ ಕೈ ತೂರಿ ನಡುವಿನ ಅಡಿಭಾಗ ಮುಟ್ಟಿದರು. ರೋಗಿಗಳಿಗೆಂದು ತೆಗೆದಿಟ್ಟ ಬಿಲ್ಲೆಗಳನ್ನು ಅವರು ಯಾವಾಗಲೂ ಅಲ್ಲೇ ಇಡುತ್ತಿದ್ದರು. "ಇದು ಕಲ್ಲಿನ ಹಾಗೇ ಉಂಟು" ಎಂದರು. ಧ್ವನಿ ಸ್ವಲ್ಪ ನಡುಗಿತು. ಅವರ ಧ್ವನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮರುಕ್ಷಣ ಗಡಿಯಾರ ನೋಡಿ ಅಪ್ಪಣೆ ಕೊಡತೊಡಗಿದರು.

"ಟೀಚರ್, ಸ್ಕೂಟರ್ ತೆಗೆಯಿರಿ. ದಕ್ಕೆಗೆ ಹೋಗಿ ಐಸ್ ತನ್ನಿ, ದೊಡ್ಡ ಥರ್ಮಾಕೋಲ್ ಡಬ್ಬದಲ್ಲಿ. ಮೀನಿನವರ ಐಸ್ ಆದರೂ ತೊಂದರೆ ಇಲ್ಲ, ನಾವು ಚೀಲಕ್ಕೆ ಎರಡೆರಡು ಕವರ್ ಹಾಕುವ. ಐಸ್ ಹೊರಗೆ ಮಾತ್ರ."

"ಮೆತ್ತಗಾದದ್ದನ್ನು ಎಂತ ಮಾಡುವುದು?"

"ಅದನ್ನು ತಿರುಗಿ ಫ್ರೀಜ್ ಮಾಡಬಾರದು. ಬಿಸಾಡುವುದೂ ಇಲ್ಲ. ಇವತ್ತೇ ಹಿಟ್ಟು ಕಲಸುವ. ಬನ್ಸ್."

ನಾನು ಬೋಟುಗಳು ಬಂದು ನಿಲ್ಲುವ ಮೀನುಗಾರಿಕೆಯ ದಕ್ಕೆಯಲ್ಲಿ ಲಾರಿಗಳ ನಡುವೆ ಸ್ಕೂಟರ್ ನಿಲ್ಲಿಸಿ, ಐಸ್ ಒಡೆಯುವವರ ಹತ್ತಿರ ಗೋಗರೆದು, ಡಬ್ಬವನ್ನು ಕಾಲಿನ ನಡುವೆ ಇಟ್ಟುಕೊಂಡು ವಾಪಸು ಬಂದಾಗ ಮೂರನೇ ಮಹಡಿಯ ಬಾಗಿಲು ಪೂರ್ತಿ ತೆರೆದಿತ್ತು. ಆರೇಳು ಮನೆಗಳ ಹೆಂಗಸರು ಪಾತ್ರೆ ಹಿಡಿದು ನಿಂತಿದ್ದರು. ನೊಣದ ದೂರು ಓದಿದ ಕಾರ್ಯದರ್ಶಿಯವರು ಮೈದಾ ಹಿಟ್ಟಿನ ಚೀಲ ಹೆಗಲ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. "ಸಿಸ್ಟರ್, ನಮ್ಮಲ್ಲಿ ಎರಡು ಗ್ಯಾಸ್ ಒಲೆ ಉಂಟು, ದೊಡ್ಡ ಬಾಣಲೆಯೂ ಉಂಟು" ಎಂದು ಮೆಲ್ಲಗೆ ಹೇಳಿದರು. ಸಿಸ್ಟರ್ ಹಳೆಯ ಮಾತು ಎತ್ತಲಿಲ್ಲ. "ಒಳ್ಳೆಯದಾಯಿತು. ಬೆಳಿಗ್ಗೆ ಐದೂವರೆಗೆ ಎಣ್ಣೆ ಇಡಿ" ಎಂದರು.

ಗಟ್ಟಿಯಿದ್ದ ಚೀಲಗಳೆಲ್ಲ ಐಸಿನ ಡಬ್ಬಕ್ಕೆ ಹೋದವು. ಮೆತ್ತಗಾದ ಹಣ್ಣಿಗೆ ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಹಾಕಿ, ಹಿಡಿಯುವಷ್ಟು ಮೈದಾ ಸೇರಿಸಿ ಕಲಸಬೇಕು. ಮರುದಿನ ಬೆಳಗಿನ ತನಕ ಮುಚ್ಚಿಟ್ಟರೆ ಹಿಟ್ಟು ಉಬ್ಬುತ್ತದೆ, ಕರೆಂಟು ಬೇಡ. ಆದರೆ ಆ ಅಂಟಂಟು ಹಿಟ್ಟನ್ನು ಅಷ್ಟು ಪ್ರಮಾಣದಲ್ಲಿ ನಾದುವುದು ಸುಲಭವಲ್ಲ. ಹೆಂಗಸರ ಕೈ ಸೋತಿತು.

ಬಾಗಿಲಲ್ಲಿ ಅಪ್ಪ ನಿಂತಿದ್ದರು. ಎರಡು ಮಹಡಿ ಇಳಿದು ಬಂದಿದ್ದರು. ಅಂಗಿಯ ತೋಳು ಮಡಚುತ್ತ ನೆಲದಲ್ಲಿ ಕುಳಿತು, ದೊಡ್ಡ ಬೋಗುಣಿಯನ್ನು ಎಳೆದುಕೊಂಡರು.

"ಅಪ್ಪ, ನಿಮಗೆ ಆಗುವುದಿಲ್ಲ, ಎದ್ದೇಳಿ" ಎಂದೆ.

"ನನ್ನ ಬಾಯಿ ಹೋದದ್ದು. ಕೈ ಹೋಗಲಿಲ್ಲ" ಎಂದರು.

ನಾನು ಸಿಸ್ಟರ್ ಮುಖ ನೋಡಿದೆ, ತಡೆಯಲಿ ಎಂದು. ಅವರು ತಡೆಯಲಿಲ್ಲ. ಅಪ್ಪನ ಬೆನ್ನಿಗೆ ಒಂದು ದಿಂಬು ಕೊಟ್ಟರು, ಅಷ್ಟೆ. ಆ ದಿನ ಅಪ್ಪ ನಾದಿದರು. ನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡರು, ಮತ್ತೆ ನಾದಿದರು. ತಾವು ಒಂದು ಚೂರೂ ತಿನ್ನಲಾಗದ ಹಿಟ್ಟನ್ನು ಮೂರು ಬೋಗುಣಿ ನಾದಿ, ಕೈ ತೊಳೆದು, ಮಿಕ್ಸಿಯಿಲ್ಲದೆ ಕೈಯಲ್ಲೇ ಹಿಸುಕಿ ಸೋಸಿಟ್ಟಿದ್ದ ಲೋಟವನ್ನು ಯಾರೂ ಹೇಳದೆ ತಾವೇ ಎತ್ತಿಕೊಂಡು ಕೂಳೂರಿನಿಂದ ಸ್ಟೇಟ್‌ಬ್ಯಾಂಕಿಗೆ ಹೊರಟರು. ಕಾಯಿಲೆ ಬಂದ ಮೇಲೆ ಅವರು ತಾವಾಗಿ ಲೋಟ ಎತ್ತಿದ್ದು ಅದೇ ಮೊದಲು.

ಬೆಳಿಗ್ಗೆ ಎರಡು ಮನೆಗಳಲ್ಲಿ ಬನ್ಸ್ ಕರಿದೆವು. ಒಳ್ಳೆ ಉಬ್ಬಿದ್ದವು. ನೂರೈವತ್ತಕ್ಕೂ ಹೆಚ್ಚಾಗಿತ್ತು. ಬಿಸಿಬಿಸಿಯಾಗಿ ಪೇಪರಿನಲ್ಲಿ ಸುತ್ತಿ, ಆಸ್ಪತ್ರೆಗಳ ಗೇಟಿನ ಹೊರಗೆ ಕುಳಿತ ಜನಕ್ಕೆ ಹಂಚಿ ಬಂದೆವು. ಕಾರ್ಯದರ್ಶಿಯವರೂ ಒಂದು ಬುಟ್ಟಿ ಹಿಡಿದು ಬಂದರು. ವಾಪಸು ಬರುವಾಗ ಕರೆಂಟು ಬಂದಿತ್ತು. ಐಸಿನ ಡಬ್ಬದಲ್ಲಿದ್ದ ಚೀಲಗಳಲ್ಲಿ ಒಂದೂ ಮೆತ್ತಗಾಗಿರಲಿಲ್ಲ. ಎಲ್ಲವನ್ನೂ ಒರೆಸಿ ಫ್ರೀಜರಿಗೆ ಹಾಕಿ, ಸಿಸ್ಟರ್ ಅರ್ಧ ದಿನ ನಿದ್ದೆ ಮಾಡಿದರು.

ಅಪ್ಪನ ಮೂವತ್ತಮೂರೂ ಮುಗಿಯಿತು. ಪೈಪ್ ಹಾಕಲಿಲ್ಲ. ಒಟ್ಟು ಆರು ಕಿಲೋ ಕಳೆದುಕೊಂಡಿದ್ದರು, ಹುಣ್ಣು ಒಣಗಲು ಎರಡು ತಿಂಗಳು ಹಿಡಿಯಿತು, ನಾಲಿಗೆಗೆ ರುಚಿ ಇನ್ನೂ ಪೂರ್ತಿ ಬಂದಿಲ್ಲ. ಆದರೆ ಆಮೇಲಿನ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಈಗ ಮೂರು ತಿಂಗಳಿಗೊಮ್ಮೆ ತೋರಿಸಿ ಬರುತ್ತೇವೆ. ಕೊನೆಯ ದಿನ ಅಪ್ಪ ಸಿಸ್ಟರಿಗೆ ಏನೋ ಹೇಳಬೇಕೆಂದು ಕೈ ಜೋಡಿಸಿದರು. "ಬಾಯಮ್ಮ, ನಿಮ್ಮಿಂದ" ಎಂದು, ನಮ್ಮೂರಿನಲ್ಲಿ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ, ಶುರುಮಾಡಿದರು. ಸಿಸ್ಟರ್ ಅದನ್ನು ಅಲ್ಲೇ ಕತ್ತರಿಸಿದರು. "ನುಂಗಿದ್ದು ಯಾರು? ನಾನಾ?"

ನಾನು ಒಮ್ಮೆ ಕೇಳಿದ್ದೆ, ಇಷ್ಟೊಂದು ಯಾಕೆ ಮಾಡುತ್ತೀರಿ, ಯಾರಾದರೂ ಮನೆಯವರು ಹೀಗೆ ಕಷ್ಟಪಟ್ಟಿದ್ದರೇ ಎಂದು. ಒಂದು ದುಃಖದ ಕಥೆ ಇರುತ್ತದೆಂದು ನಾನು ಎಣಿಸಿದ್ದೆ. ಅವರು ಸ್ವಲ್ಪ ಯೋಚಿಸಿ, "ಕೆಲಸ ಗೊತ್ತುಂಟು, ಅದಕ್ಕೆ" ಎಂದರು. ಬೇರೆ ಏನೂ ಇರಲಿಲ್ಲ.

ಕಳೆದ ವರ್ಷ ಅವರ ಹೃದಯ ದುರ್ಬಲವಾಯಿತು. ಕಾಲು ಊದಿಕೊಂಡಿತು, ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಬಜಪೆಯಲ್ಲಿರುವ ತಂಗಿ ಬಂದು ತನ್ನ ಮನೆಗೆ ಕರೆದುಕೊಂಡು ಹೋದರು. ಸಿಸ್ಟರ್ ಫ್ರೀಜರನ್ನು ಖಾಲಿ ಮಾಡಿಯೇ ಹೊರಟರು. ಇದ್ದದ್ದನ್ನೆಲ್ಲ ಯಾರು ಯಾರಿಗೆ ಕೊಡಬೇಕೆಂದು ಹೇಳಿ ನನ್ನ ಕೈಯಲ್ಲಿ ಹಂಚಿಸಿದರು.

ಬಜಪೆಗೆ ನಾನು ಹೋದಾಗ ಅವರು ದಿಂಬುಗಳಿಗೆ ಒರಗಿ ಕುಳಿತಿದ್ದರು. ವಿಮಾನಗಳು ತಲೆಯ ಮೇಲೆಯೇ ಹೋಗುವ ಮನೆ ಅದು. ಒಂದೊಂದು ಹೋಗುವಾಗಲೂ ಮಾತು ನಿಲ್ಲಿಸಬೇಕಾಗುತ್ತಿತ್ತು. ತಂಗಿಯ ಅಡುಗೆಮನೆಯಲ್ಲಿ ತೂಗುಹಾಕಿದ್ದ ಗೊನೆ ಕಪ್ಪಾಗುತ್ತ ಬಂದಿತ್ತು. ಬಾಗಿಲಿನಿಂದಲೇ ಅದು ಅವರಿಗೆ ಕಾಣುತ್ತಿತ್ತು.

"ಮೂರು ದಿನದಿಂದ ನೋಡ್ತಾ ಇದ್ದೇನೆ. ಯಾರಿಗೂ ಕಣ್ಣಿಲ್ಲ. ಟೀಚರ್, ಚೂರಿ ತನ್ನಿ" ಎಂದರು.

ಅವರ ಮಂಚದ ಪಕ್ಕ ಕುಳಿತು ನಾನು ಸುಲಿದೆ, ತಂಗಿ ಹಿಸುಕಿದರು. ಸಿಸ್ಟರಿಗೆ ಚೂರಿ ಹಿಡಿಯಲಾಗಲಿಲ್ಲ. ಚೀಲದ ಗಾಳಿ ತೆಗೆಯುವುದನ್ನು ಮಾತ್ರ ತಾವೇ ಮಾಡಿದರು, ಎರಡೂ ಅಂಗೈ ಇಟ್ಟು, ನಿಲ್ಲಿಸಿ ನಿಲ್ಲಿಸಿ. ಆಮೇಲೆ ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ತುಂಡಿನ ಮೇಲೆ ತಾರೀಕು ಬರೆದು ಅಂಟಿಸಿದರು. "ಮೂರು ತಿಂಗಳೊಳಗೆ ಮುಗಿಸಿ. ಆಮೇಲೆ ರುಚಿ ಹೋಗ್ತದೆ" ಎಂದು ತಂಗಿಗೆ ಹೇಳಿದರು. ನಾನು ಹೊರಡುವಾಗ ನಿದ್ದೆ ಹೋಗಿದ್ದರು. ಅದಾಗಿ ಒಂಬತ್ತು ದಿನಕ್ಕೆ ತೀರಿಕೊಂಡರು.

ಇಗರ್ಜಿಯಲ್ಲಿ ಪೂಜೆ, ಮಣ್ಣು ಮಾಡುವುದು ಎಲ್ಲ ಮುಗಿಯಿತು. ತಿಂಗಳ ಪೂಜೆಯೂ ಆಯಿತು. ಮತ್ತೂ ಒಂದೂವರೆ ತಿಂಗಳು ಕಳೆದ ಮೇಲೆ ತಂಗಿ ಫೋನ್ ಮಾಡಿದರು. "ಟೀಚರ್, ಒಂದು ಪ್ಯಾ‌ಕೆಟ್ ಉಳಿದಿದೆ. ಅಕ್ಕ ಬರೆದ ಟೇಪ್ ಇರುವುದು. ಉಳಿದದ್ದೆಲ್ಲ ಮಾಡಿದೆ, ಇದೊಂದನ್ನು ತೆಗೆಯಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ."

ನಾನೂ ಅಪ್ಪನೂ ಆ ಭಾನುವಾರ ಬಜಪೆಗೆ ಹೋದೆವು. ತಂಗಿ ಫ್ರೀಜರಿನಿಂದ ಪ್ಯಾಕೆಟ್ ತೆಗೆದು ಮೇಜಿನ ಮೇಲೆ ಇಟ್ಟರು. ಚಪ್ಪಟೆಯಾಗಿ, ಹಿಮ ಹಿಡಿದು ಬೆಳ್ಳಗಾಗಿತ್ತು. ಟೇಪಿನ ಮೇಲಿನ ಅಕ್ಷರ ವಾಲಿಕೊಂಡಿತ್ತು. ತಾರೀಕು ಲೆಕ್ಕ ಹಾಕಿದೆ. ಮೂರು ತಿಂಗಳಿಗೆ ಇನ್ನು ನಾಲ್ಕು ದಿನ ಇತ್ತು.

"ಇದನ್ನು ಹೀಗೇ ಇಟ್ಟುಕೊಳ್ಳುತ್ತೇನೆ ಟೀಚರ್. ಅಕ್ಕ ಕೈಯಿಂದ ಮುಟ್ಟಿದ್ದು ಮತ್ತೆಂತ ಉಂಟು ನನ್ನ ಹತ್ತಿರ? ತೆಗೆದರೆ ಮುಗಿಯಿತು ಅಲ್ವಾ?"

ಹಾಗೆಯೇ ಆಗಲಿ ಎಂದು ಹೇಳುವುದು ಸುಲಭವಿತ್ತು. ಆದರೆ ಹೇಳಲಿಲ್ಲ.

"ಇಟ್ಟರೂ ಮುಗಿಯುತ್ತದೆ. ಇಟ್ಟರೆ ಯಾರೂ ತಿನ್ನದೆ ಮುಗಿಯುತ್ತದೆ. ಅವರು ಅದಕ್ಕೆಂದು ಮಾಡಿದ್ದಲ್ಲ" ಎಂದೆ.

ಒಂದು ವಿಮಾನ ಹೋಯಿತು. ಆಮೇಲೆ ತಂಗಿ ಎದ್ದು, ಮೂಗು ಒರೆಸಿಕೊಂಡು, ಓವನ್ ಹಚ್ಚಿದರು. ಟೇಪನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತಮ್ಮ ಪ್ರಾರ್ಥನೆ ಪುಸ್ತಕದೊಳಗೆ ಅಂಟಿಸಿದರು. ಪ್ಯಾಕೆಟನ್ನು ಮಾತ್ರ ತಾವೇ ಕತ್ತರಿಯಿಂದ ಕತ್ತರಿಸಿದರು. ನಾನು ಬೆಣ್ಣೆ, ಸಕ್ಕರೆ ತಿಕ್ಕಿದೆ, ಅಪ್ಪ ಮೊಟ್ಟೆ ಒಡೆದು ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಮನೆಯಿಡೀ ಪರಿಮಳ. ಆರುವ ತನಕವೂ ಕಾಯದೆ ಕತ್ತರಿಸಿದೆವು. ಮೂರು ಮಂದಿ ಎರಡೆರಡು ತುಂಡು ತಿಂದೆವು, ಉಳಿದದ್ದನ್ನು ತಂಗಿ ಪಕ್ಕದ ಮನೆಗಳಿಗೆ ಕೊಟ್ಟು ಬಂದರು. ಕೇಕು ಚೆನ್ನಾಗಿತ್ತು.